ನೀರಿಳಿಸುವ ಮಾತು

ಆಸ್ಪತ್ರೆಯ ಹರಿದ ಹಾಸುಬಟ್ಟೆಗಳನ್ನು ಹೊಲಿಯುವುದು ಅವಳ ಕೆಲಸ. ಗಂಡ ಪಂಪು ರಿಪೇರಿಯವನು. ಪರದೇಶದ ನಗರವೊಂದಕ್ಕೆ ಕುಡಿಯುವ ನೀರು ಒದಗಿಸುವ ಕೇಂದ್ರದಲ್ಲಿ ದುಡಿಯುತ್ತಿದ್ದ. ಅಲ್ಲಿಯ ಪೊಲೀಸರು ಅವನನ್ನು ಹಿಡಿದೊಯ್ದು ಹನ್ನೊಂದು ತಿಂಗಳಾಗಿತ್ತು. ನಗರದ ನೀರು ನಿಲ್ಲಿಸಲು ಸಂಚು ಹೂಡಿದ ಎಂಬುದು ಆರೋಪ. ಅಷ್ಟು ದಿನಗಳಲ್ಲಿ ಅವಳ ಕೈಗೆ ಬಂದದ್ದು ರಾಯಭಾರ ಕಚೇರಿಯ ಮೂರು ಪತ್ರ, ಮೂರರಲ್ಲೂ ಅವೇ ನಾಲ್ಕು ಸಾಲು.

ಸಾಕ್ಷಿ ಹೇಳುವ ದಿನ ತಮ್ಮೂರಿನ ವಕೀಲರ ಕಚೇರಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಳು. ಪಕ್ಕದಲ್ಲಿ ಅತ್ತೆ. ಪರದೆಯ ಮೇಲೆ ಅಲ್ಲಿಯ ನ್ಯಾಯಾಧೀಶೆ, ಸರ್ಕಾರಿ ವಕೀಲ, ದುಭಾಷಿ. ಗಂಡನನ್ನು ಮಾತ್ರ ತೋರಿಸಲಿಲ್ಲ.

"ಇದು ನಿಮ್ಮ ಗಂಡ ನಿಮಗೆ ಮಾಡಿದ ಕರೆ. ದಯವಿಟ್ಟು ಕೇಳಿ," ಎಂದ ದುಭಾಷಿ. ಮುದ್ರಿಸಿಕೊಂಡಿದ್ದ ಗಂಡನ ದನಿ ಕೇಳಿಸಿತು.

"ಇವರದು ಅತಿಯಾಯ್ತು ಕಣೇ. ಒಂದಿನ ಇವರೆಲ್ಲರ ನೀರಿಳಿಸ್ದೆ ಬಿಡಲ್ಲ, ನೋಡ್ತಿರು!"

ಹಿಂದೆಯೇ ಅವಳದೇ ದನಿ: "ಇಳಿಸ್ರೀ ಮತ್ತೆ, ಯಾಕೆ ಸುಮ್ನಿದೀರಾ?" ಆಮೇಲೆ ಇಬ್ಬರ ನಗು.

ಅವಳ ಕಿವಿಗೆ ಮಾತು ಬೀಳಲೇ ಇಲ್ಲ. ಬಿದ್ದದ್ದು ಅವನ ನಗು, ನೆಗಡಿಯಲ್ಲಿ ಕಟ್ಟಿದ ಗಂಟಲಿನ ನಗು.

"ಇನ್ನೊಂದ್ಸಲ ಹಾಕಿ."

ಸರಿಯಾಗಿ ಕೇಳಿಸಿಲ್ಲವೆಂದುಕೊಂಡ ನ್ಯಾಯಾಧೀಶೆ ಒಪ್ಪಿದರು. ಅವಳು ಕಣ್ಣು ಮುಚ್ಚಿ ಕೇಳಿದಳು.

"ಇದರ ಅರ್ಥವೇನು? ನಗರದ ನೀರನ್ನು ಖಾಲಿ ಮಾಡುವುದೇ?" ಎಂದು ನ್ಯಾಯಾಧೀಶೆ ಕೇಳಿದರು.

"ಅಯ್ಯೋ, ಅಲ್ಲಮ್ಮಾ! ನೀರಿಳಿಸೋದು ಅಂದ್ರೆ ಜಂಬ ಇಳಿಸೋದು. ಇವರು ರಿಪೇರಿ ಮಾಡಿದ ಪಂಪಿಗೆಲ್ಲ ಮೇಲ್ವಿಚಾರಕರು ತಮ್ಮ ಹೆಸರು ಬರ್ಕೋತಿದ್ರು. ಆ ಸಿಟ್ಟಿಗೆ ಆಡಿದ್ದು. ನಮ್ಮನೇಲಿ ದಿನಾ ಯಾರದಾದ್ರೂ ನೀರಿಳೀತಾನೇ ಇರುತ್ತೆ."

ದುಭಾಷಿ ತಲೆ ತಗ್ಗಿಸಿ ನಗು ನುಂಗಿಕೊಂಡ. ಸರ್ಕಾರಿ ವಕೀಲ ನಗಲಿಲ್ಲ. "ಇಳಿಸಿ ಎಂದವರು ನೀವೇ ಅಲ್ಲವೇ? ಸಂಚಿನಲ್ಲಿ ನಿಮ್ಮದೂ ಪಾಲಿದೆಯೇ?"

ತಮಾಷೆಗೆ ಅಂದೆ ಎಂದು ಜಾರಿಕೊಳ್ಳಬಹುದಿತ್ತು.

"ಹೌದು, ನಾನೇ ಅಂದಿದ್ದು. ಅದು ತಪ್ಪಾದ್ರೆ ಅರ್ಧ ತಪ್ಪು ನಂದು. ನನ್ನನ್ನೂ ಅಲ್ಲಿಗೇ ಕರ್ಕೊಂಡು ಹೋಗಿ."

"ಇವನ ನಾಲಿಗೆ ಸೇದುಹೋಗ!" ಎಂದು ಅತ್ತೆ ಗುಡುಗಿದರು. ಇದಕ್ಕೂ ಎಲ್ಲಿ ಅರ್ಥ ಕಟ್ಟುತ್ತಾರೋ ಎಂದು ಅವಳ ಕಡೆಯ ವಕೀಲರು ಗಡಿಬಿಡಿಯಲ್ಲಿ ಮೈಕು ಆರಿಸಿದರು.

ತಿಂಗಳಾದ ಮೇಲೆ ತೀರ್ಪು ಬಂತು. ಸಂಚಿನ ಆರೋಪ ಬಿದ್ದುಹೋಯಿತು. ಆದರೆ ಗಂಡನ ಫೋನಿನಲ್ಲಿ ಕೇಂದ್ರದ ಸ್ವಿಚ್ ಬೋರ್ಡಿನ ಚಿತ್ರವೊಂದು ಸಿಕ್ಕಿತ್ತು. ರಿಪೇರಿಗೆಂದು ತೆಗೆದದ್ದು ಎಂದು ಅವನು ಎಷ್ಟು ಹೇಳಿದರೂ ನ್ಯಾಯಾಲಯ ನಂಬಲಿಲ್ಲ. ಅಪ್ಪಣೆಯಿಲ್ಲದೆ ಚಿತ್ರ ತೆಗೆದದ್ದಕ್ಕೆ ಎರಡು ವರ್ಷ ಸೆರೆ, ಕಳೆದ ಒಂದು ವರ್ಷವೂ ಅದರಲ್ಲಿ ಸೇರಿತು. ತಿಂಗಳಿಗೊಮ್ಮೆ ಐದು ನಿಮಿಷ ಮಾತಾಡಲು ಅಪ್ಪಣೆ ಸಿಕ್ಕಿತು.

ಮೊದಲ ಕರೆಯಲ್ಲಿ ಇಬ್ಬರೂ ಶಾಲೆಯ ಪಾಠ ಒಪ್ಪಿಸುವವರಂತೆ ಮಾತಾಡಿದರು. ಊಟ ಆಯಿತೇ, ಆಯಿತು. ಅಮ್ಮ ಹೇಗಿದ್ದಾರೆ, ಚೆನ್ನಾಗಿದ್ದಾರೆ. ಹೊಟ್ಟೆಯೊಳಗೆ ರಾಶಿ ಮಾತು ಬಿದ್ದಿದ್ದರೂ ಯಾರೋ ಕೇಳುತ್ತಿದ್ದಾರೆಂದು ಅವಳು ಒಂದೊಂದನ್ನೂ ತೂಗಿ ನೋಡಿ ನುಂಗಿದಳು.

"ನಿನ್ನನ್ನೂ ಗದರಿಸಿದ್ರಂತೆ?" ಅವನು ಕೊನೆಗೆ ಕೇಳಿದ.

"ಹೂಂ."

"ಹೆದರಿಕೆ ಆಯ್ತಾ?"

"ಆಯ್ತು ರೀ."

"ನಂಗೂ ಆಗುತ್ತೆ ಕಣೇ. ದಿನಾ," ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನು ಕಡಿದುಹೋಯಿತು.

ಬಾಗಿಲಲ್ಲಿ ಅತ್ತೆ ಕಾಯುತ್ತ ನಿಂತಿದ್ದರು. "ಏನಂದ್ನೇ?"

"ಊಟ ಆಯ್ತು ಅಂದ್ರು, ಅತ್ತೆ," ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.