ಮಗುಚಿಟ್ಟ ಕಡತ

ಸೇನಾ ಕಚೇರಿಯ ಗೋಡೆಗೊರಗಿಸಿದ ಉದ್ದನೆಯ ಬೆಂಚು. ಅದರ ಮೇಲೆ ಐವರು ಸೈನಿಕರು. ಕೆಂಪು ಧೂಳು ಹೊತ್ತ ಬೂಟುಗಳು ಒಂದೇ ಸಾಲಿನಲ್ಲಿ. ತುದಿಯವನ ಒಂದು ಕಾಲಿಗೆ ಮಾತ್ರ ಪ್ಲಾಸ್ಟರು. ಎಲ್ಲರ ತೊಡೆಯ ಮೇಲೂ ಒಂದೊಂದು ಕಂದು ಕಡತ, ಎಲ್ಲವೂ ಬೋರಲು. ಕಡತದ ಮೂಲೆಯ ಚೀಟಿ ಹಸಿರಾದರೆ ಮೂಳೆಯ ಪೆಟ್ಟು, ಹಳದಿಯಾದರೆ ಮನಸ್ಸಿನದು. ಹಳದಿಯವನು ಯಾರೆಂದು ತಿಳಿಯದಿರಲೆಂದು ಹಸಿರಿನವರೂ ಮಗುಚಿಡುತ್ತಾರೆ. ಯಾರೂ ಹೊರಡಿಸಿದ ಆಜ್ಞೆಯಲ್ಲ; ಆ ಬೆಂಚಿನ ಮರ್ಯಾದೆ. ಅಂಗಳದಲ್ಲಿ ಬೋಳುತಲೆಯ ಕೊಕ್ಕರೆಯೊಂದು ಸರೋವರದ ಕಡೆ ಮುಖಮಾಡಿ ಒಂಟಿಕಾಲಿನಲ್ಲಿ ನಿಂತಿತ್ತು.

ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದ ವಾರಂಟ್ ಆಫೀಸರ್ ಬ್ಯೆಕ್ವಾಸೊ, "ಒಕ್ವಿರ್!" ಎಂದು ಕೂಗಿದ. ಯುದ್ಧದಲ್ಲಿ ಪೆಟ್ಟುತಿಂದು ಬಂದವರಿಗೆ ಸೇನೆಯೊಳಗೇ ಬೇರೆ ಕೆಲಸ ಹುಡುಕಿಕೊಡುವುದು ಅವನ ಹುದ್ದೆ.

ಕಾರ್ಪೊರಲ್ ಒಕ್ವಿರ್ ಸೊಮಾಲಿಯಾದ ಯುದ್ಧದಲ್ಲಿ ಎರಡು ಸರದಿ ಸೇನೆಯ ಲಾರಿ ಓಡಿಸಿದವನು. ಒಳಬಂದು, ಮೇಜಿನ ಮೇಲೂ ಕಡತವನ್ನು ಬೋರಲಾಗಿಯೇ ಇಟ್ಟ.

"ಅಫಂದೆ, ಸಾಹೇಬ್ರೇ, ಡಾಕ್ಟರಮ್ಮ ಏನೇನೋ ಬರ್ದಿದ್ದಾರೆ. ನೀವು ಬೆನ್ನುನೋವು ಅಂತ ಹಾಕಿ. ಎಷ್ಟೋ ಜನಕ್ಕೆ ಹಾಕ್ಕೊಟ್ಟಿದ್ದೀರಂತೆ."

ಬ್ಯೆಕ್ವಾಸೊ ಕಡತವನ್ನು ಅಂಗಾತ ತಿರುಗಿಸಿದ. ಹಳದಿ. ಡಾಕ್ಟರಮ್ಮ ಕ್ಯಾಪ್ಟನ್ ಅತುಹೈರೆಯ ದುಂಡು ಅಕ್ಷರ: ಯುದ್ಧದ ಆಘಾತದಿಂದಾದ ಮನೋವ್ಯಾಧಿ, ಮುಂದಿನ ಸರದಿಗೆ ಕಳಿಸಕೂಡದು, ಲಾರಿ ಓಡಿಸಲು ಬಿಡಕೂಡದು.

"ನಿದ್ದೆ ಬರುತ್ತಾ?"

"ಕೋಳಿ ಕೂಗೋ ಹೊತ್ತಿಗೆ ಬರುತ್ತೆ. ಅಷ್ಟರಲ್ಲಿ ಕಹಳೆ ಊದ್ತಾರೆ." ಒಕ್ವಿರ್ ದನಿ ತಗ್ಗಿಸಿದ. "ಇದು ಊರಿಗೆ ಗೊತ್ತಾದ್ರೆ, ಸತ್ತೋರು ಬೆನ್ನುಹತ್ತಿ ಬಂದಿದ್ದಾರೆ ಅಂತ ನಮ್ಮಮ್ಮ ಮೇಕೆ ಕಡಿಸ್ತಾಳೆ."

"ಕಡಿಸ್ಲಿ ಬಿಡು. ಮಾಂಸ ತಿಂದ್ಕೊಂಡು ಬಾ. ಮಾತ್ರೇನೂ ನುಂಗು."

"ನಿಮಗೆ ತಮಾಷೆ. ಸಾರ್ಜೆಂಟ್ ಪಟ್ಟಿ ತೋಳಿಗೇರೋ ಹೊತ್ತಲ್ಲಿ ನನ್ನ ಹುಚ್ಚರ ಸಾಲಿಗೆ ತಳ್ತೀರಾ?"

ಬ್ಯೆಕ್ವಾಸೊ ಹದಿನಾಲ್ಕು ಮಂದಿಗೆ ಬೆನ್ನುನೋವು ಬರೆದುಕೊಟ್ಟಿದ್ದ. ಹದಿನಾಲ್ಕನೆಯವನ ಹೆಸರನ್ನು ಈ ಕೋಣೆಯಲ್ಲಿ ಈವರೆಗೆ ಎತ್ತಿರಲಿಲ್ಲ.

"ಎಮುರೊನ್ ನೆನಪಿದ್ದಾನಾ?"

"ಸೊಮಾಲಿಯಾದಲ್ಲಿ ನನ್ನ ಮುಂದೆ ಹೋಗ್ತಿದ್ದ ಲಾರಿ ಅವನ್ದೇ. ನಡುದಾರೀಲಿ ನಿಲ್ಲಿಸಿ ಇಳಿದ. ಮುಳ್ಳುಪೊದೆ ಕಡೆ ನಡೀತಾ ಹೋದ. ಕೂಗಿದ್ರೂ ತಿರುಗಲಿಲ್ಲ. ಸಂಜೆಗೆ ಬರೀ ಟೋಪಿ ಸಿಕ್ತು."

"ಅವನಿಗೆ ಬೆನ್ನುನೋವು ಬರೆದೋನು ನಾನು. ಬೆನ್ನು ಮೂರು ತಿಂಗಳಿಗೆ ವಾಸಿ ಅನ್ನುತ್ತೆ ನಿಯಮ. ನಾಲ್ಕನೇ ತಿಂಗಳು ಅವನನ್ನ ವಾಪಸ್ ಅಲ್ಲಿಗೇ ಕಳಿಸಿದ್ರು."

ಒಕ್ವಿರನ ಎಡಗೈ, ಅಲ್ಲಿಲ್ಲದ ಗೇರಿನ ಹಿಡಿಯನ್ನು ಹಿಡಿದಂತೆ, ತೊಡೆಯ ಪಕ್ಕದಲ್ಲಿ ಮೆಲ್ಲಗೆ ಮುಚ್ಚಿಕೊಂಡಿತು.

"ಡಾಕ್ಟರಮ್ಮ ಬರ್ದಿದ್ದೇ ಇರ್ಲಿ ಅಂದ್ರೆ?"

"ಎರಡು ವರ್ಷ ಪಟ್ಟಿ ಇಲ್ಲ. ವರ್ಕ್‌ಶಾಪಲ್ಲಿ ಎಂಜಿನ್ ಕೆಲಸ ಕಲಿಸ್ತಾರೆ. ವಾರಕ್ಕೊಂದ್ಸಲ ಆಯಮ್ಮನ ಮುಂದೆ ಕೂತು ಮಾತಾಡ್ಬೇಕು."

"ಓಡಿಸ್ತಿದ್ದೋನು ಹೋಗಿ ಲಾರಿ ಕೆಳಗೆ ಮಲಗೋದಾ?"

"ಅಲ್ಲಾದ್ರೂ ನಿದ್ದೆ ಬಂದೀತು."

ಒಕ್ವಿರನ ತುಟಿಯ ಅಂಚು ಅಲುಗಿತು. ಅವನು ಪೆನ್ನನ್ನೆಳೆದುಕೊಂಡು, ಆ ದುಂಡು ಅಕ್ಷರಗಳ ಕೆಳಗೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಕಡತವನ್ನು ಕಂಕುಳಿಗೆ ಸೇರಿಸಿ ಎದ್ದ.

ಬಾಗಿಲು ತೆರೆದಾಗ ಚೀಟಿ ಹೊರಮುಖವಾಗಿತ್ತು. ಮಗುಚಲೆಂದು ಅವನ ಕೈ ಹೋಯಿತು, ಮಗುಚದೆ ಇಳಿಯಿತು. ಬೆಂಚಿನ ತುದಿಯಲ್ಲಿದ್ದವನು ತಲೆಯೆತ್ತಿ ಹಳದಿಯನ್ನು ನೋಡಿದ. ತನ್ನ ಪ್ಲಾಸ್ಟರಿನ ಕಾಲನ್ನು ಎರಡೂ ಕೈಗಳಿಂದೆತ್ತಿ ಪಕ್ಕಕ್ಕಿಟ್ಟು ದಾರಿ ಬಿಟ್ಟ. ಒಕ್ವಿರನ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.