ಹದಿನೈದನೇ ಹೋಲಿನ ಹುಲ್ಲು

ಆರನೇ ನಂಬರಿನ ಗಾಲ್ಫ್ ಕೋಲಿನ ಗೆರೆಗಳಲ್ಲಿ ಹುಲ್ಲಿನ ನಾರು ಕಚ್ಚಿಕೊಂಡಿತ್ತು. ನಾನು ಬ್ರಷ್ಷನ್ನು ನೀರಿಗದ್ದಿ ಉಜ್ಜುತ್ತಿದ್ದೆ. ಪಿಕುನ್ ಅಕ್ಕ ತೊಟ್ಟಿಯ ಕಟ್ಟೆಯ ಮೇಲೆ ಕೂತು, ತೊಳೆದ ಕೋಲುಗಳನ್ನು ಒಂದೊಂದಾಗಿ ಒರೆಸುತ್ತಿದ್ದಳು. ಆಟ ಮುಗಿದು ಅರ್ಧ ಗಂಟೆಯಾಗಿತ್ತು.

ಅಕ್ಕ ಇದೇ ಮೈದಾನದಲ್ಲಿ ಒಂಬತ್ತು ವರ್ಷ ಕ್ಯಾಡಿಯಾಗಿ ಆಟಗಾರರ ಕೋಲಿನ ಚೀಲ ಹೊತ್ತವಳು. ಗಾಳಿ ನೋಡುವುದನ್ನು, ಹುಲ್ಲು ಬಾಗಿದ ದಿಕ್ಕು ನೋಡುವುದನ್ನು ನನಗೆ ಕಲಿಸಿದವಳು. ಈಗ ಅವಳೇ ಆಡುತ್ತಾಳೆ, ನಾನು ಚೀಲ ಹೊರುತ್ತೇನೆ. ವೃತ್ತಿ ಆಟಗಾರ್ತಿಯ ಕಾರ್ಡಿಗಾಗಿ ಇದು ಅವಳ ಮೂರನೇ ಪರೀಕ್ಷೆ, ಇವತ್ತು ಕೊನೆಯ ದಿನ. ಹದಿನಾಲ್ಕು ಹೋಲ್ ಮುಗಿದಾಗ ಎಷ್ಟು ಚೆನ್ನಾಗಿ ಆಡಿದ್ದಳೆಂದರೆ, ಉಳಿದ ನಾಲ್ಕರಲ್ಲಿ ಮೂರು ಹೊಡೆತ ಹೆಚ್ಚಾದರೂ ಕಾರ್ಡು ಅವಳದೇ.

“ಮುಯ್, ಉಸಿರಾದ್ರೂ ಬಿಡೇ. ನೀನು ಬಿದ್ದು ಹೋದ್ರೆ ಚೀಲ ಯಾರು ಹೊರ್ತಾರೆ?” ಎಂದು ಅಂಟಕ್ಕಿಯ ಉಂಡೆ ಬಾಯಿಗೆ ಹಾಕಿಕೊಂಡು ನಕ್ಕಿದ್ದಳು.

“ಸುಮ್ನಿರಕ್ಕ.”

“ಇದೇ ಕೊನೇದು ಕಣೇ. ಈ ಸಲ ಆಗ್ಲಿಲ್ಲ ಅಂದ್ರೆ ಅಮ್ಮನ ಗಾಡೀಲಿ ಪಪ್ಪಾಯಿ ಕೋಸಂಬರಿ ಕುಟ್ಕೊಂಡು ಕೂರ್ತೀನಿ.”

ಹದಿನೈದರಲ್ಲಿ ಚೆಂಡು ಬಲಕ್ಕೆ ಸಿಡಿದು ಎತ್ತರದ ಹುಲ್ಲಿಗೆ ಬಿತ್ತು. ಹುಡುಕಲು ನಾನು ಮುಂದೆ ಓಡಿದೆ. ಅಂಗಾಲಿನ ಕೆಳಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಕಾಲೆತ್ತಿದರೆ ಚೆಂಡು ಹುಲ್ಲಿನ ಬುಡಕ್ಕೆ ಇಳಿದು ಕೂತಿತ್ತು.

ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಿಯಮಗಳನ್ನು, ಹಿಂದೆ ಕ್ಯಾಡಿಯಾಗಿದ್ದ ಚಿಕ್ಕಮ್ಮನ ಬಾಯಿಂದ ಕೇಳಿ ಕಲಿತಿದ್ದೆ. ಕ್ಯಾಡಿಯ ಕಾಲು ತಗುಲಿದರೆ ಆಟಗಾರ್ತಿಗೆ ಒಂದು ಹೊಡೆತ ದಂಡ, ಎನ್ನುತ್ತಿದ್ದಳು ಅವಳು.

“ಸಿಕ್ತಾ?” ಅಕ್ಕ ಹಿಂದಿನಿಂದ ಕೂಗಿದಳು.

“ಸಿಕ್ತು,” ಎಂದೆ. ಅಷ್ಟೇ ಎಂದೆ.

ಅವಳು ಬಗ್ಗಿ ನೋಡಿದಳು. “ಅಯ್ಯೋ, ಹಕ್ಕಿ ಮೊಟ್ಟೆ ಇಟ್ಟ ಹಾಗೆ ಕೂತಿದೆಯಲ್ಲೇ!”

ಮೊದಲ ಹೊಡೆತಕ್ಕೆ ಚೆಂಡು ಒಂದು ಮಾರು ದೂರ ಹೋಯಿತು. ಎರಡನೆಯದಕ್ಕೂ ಹುಲ್ಲು ದಾಟಲಿಲ್ಲ. ಅಲ್ಲೇ ಎರಡು ಹೊಡೆತ ಕಳೆದವು. ಆಮೇಲೆ ಅವಳು ತಮಾಷೆ ಮಾಡಲಿಲ್ಲ. ಹದಿನಾರರಲ್ಲಿ ಕೋಲನ್ನು ಹಗ್ಗ ಹಿಡಿದ ಹಾಗೆ ಹಿಡಿದಳು, ಇನ್ನೊಂದು ಹೋಯಿತು. ಹದಿನೇಳು ಹೇಗೋ ಉಳಿಯಿತು. ಕೊನೆಯ ಹೋಲಿನಲ್ಲಿ ಕುಳಿ ಎರಡೇ ಹೆಜ್ಜೆ ದೂರವಿತ್ತು.

“ಎಡಕ್ಕಾ, ನೇರಾನಾ?” ಎಂದು ನನ್ನ ಕಡೆ ತಿರುಗಿದಳು.

ಅವಳ ಮುಖ ನೋಡದೆ “ನೇರ” ಎಂದೆ. ನೇರವಾಗಿಯೇ ಇತ್ತು. ಆದರೆ ಅವಳು ಒಂಚೂರು ಓರೆಯಾಗಿ ತಳ್ಳಿದಳು. ಚೆಂಡು ಅಂಚು ಸವರಿಕೊಂಡು ಆಚೆ ಹೋಯಿತು. ಒಂದೇ ಒಂದು ಹೊಡೆತಕ್ಕೆ ಕಾರ್ಡು ತಪ್ಪಿತು.

ನಾವು ಕೋಲು ತೊಳೆಯುತ್ತಿದ್ದ ತೊಟ್ಟಿಯ ಬಳಿಗೆ ಇನ್ನೊಬ್ಬ ಕ್ಯಾಡಿ ಉವನ್ ಬಂದು ಟೋಪಿ ತೆಗೆದಳು. “ನನ್ನದು ಕಾಲಲ್ಲ ಕಣ್ರೇ, ಆನೆ ಪಾದ. ಇವತ್ತು ಹುಡುಕ್ತಾ ಹುಡುಕ್ತಾ ಚೆಂಡಿನ ಮೇಲೇ ನಿಂತ್ಬಿಟ್ಟೆ!”

“ದಂಡ ಹಾಕಿದ್ರಾ?” ಉಜ್ಜುವುದನ್ನು ಬಿಟ್ಟು ಕೇಳಿದೆ.

“ಯಾವ ದಂಡ? ಎತ್ತಿ ಮೊದಲಿದ್ದ ಹಾಗೆ ಇಟ್ಟು ಹೊಡೀರಿ ಅಂದ್ರು. ಹುಡುಕೋವಾಗ ತುಳಿದ್ರೆ ದಂಡ ಇಲ್ಲ ಅಂತ ಹೊಸ ನಿಯಮ ಬಂದು ವರ್ಷಗಳೇ ಆಯ್ತಲ್ಲೇ! ಗೋಡೆ ಮೇಲೆ ಅಂಟಿಸಿರೋದು ಹಲ್ಲಿಗಳು ಓದ್ಲಿ ಅಂತಾನಾ?”

ನಗುತ್ತಾ ಕೈ ತೊಳೆದು ಹೋದಳು. ಆ ಕಾಗದದ ಕೆಳಗೇ ದಿನವೂ ನಾನು ಟೋಪಿ ತೂಗುಹಾಕುತ್ತಿದ್ದೆ.

“ಅಕ್ಕ,” ಎಂದೆ. “ಹದಿನೈದರಲ್ಲಿ ಚೆಂಡು ಹಾಗೆ ಬಿದ್ದಿರ್ಲಿಲ್ಲ. ನಾನು ತುಳಿದೆ. ದಂಡ ಬೀಳುತ್ತೆ ಅಂತ ಹೇಳ್ಲಿಲ್ಲ.”

ಅವಳ ಕೈ ನಿಂತಿತು. ನನ್ನ ಕೈಯಿಂದ ಆರನೇ ನಂಬರಿನ ಕೋಲು ತೆಗೆದುಕೊಂಡಳು. ಗೆರೆಯಲ್ಲಿ ಉಳಿದಿದ್ದ ಒಂದೆಳೆ ನಾರನ್ನು ಉಗುರಿನಿಂದ ಬಿಡಿಸಿದಳು. ಕೋಲನ್ನು ಒರೆಸದೆಯೇ ಚೀಲಕ್ಕೆ ಹಾಕಿ, ಚೀಲವನ್ನು ತಾನೇ ಹೆಗಲಿಗೇರಿಸಿ ಗೇಟಿನ ಕಡೆ ನಡೆದಳು.

ನಾನು ಒದ್ದೆ ಕೈಯಲ್ಲೇ ಹಿಂದೆ ಹಿಂದೆ ಹೋದೆ.

“ಅಕ್ಕ, ಬೈಯಕ್ಕ. ಒಂದೇ ಒಂದ್ಸಲ ಬೈದ್ಬಿಡು.”