ಯಾರೂ ತೋಡದ ಕುಂಟೆ

"ಆ ಗಡಪಾರಿ ಕೆಳಗಿಡು!" ಮಯಿಲ್‌ಸಾಮಿ ಕಿರುಚಿದ. "ಇದು ನಮ್ಮ ತಾತ ತೋಡಿದ ಕುಂಟೆ. ಗಂಡುಮಕ್ಳ ಸೊತ್ತು."

ರಂಗನಾಯಕಿ ಹಾರೆ ಕೆಳಗಿಡಲಿಲ್ಲ. ಸತ್ತ ಗಂಡನ ಅಣ್ಣನೆಂಬ ಮರ್ಯಾದೆ ಯಾವತ್ತೋ ಮಣ್ಣುಪಾಲಾಗಿತ್ತು. ಕಿಣತ್ತುಕಡವು ಊರಿನ ಹೊಲ ಪಾಲಾದಾಗ ಈ ಕುಂಟೆಯನ್ನು ಅವನೊಬ್ಬನೇ ನುಂಗಿಹಾಕಿದ್ದ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಮನೆಯ ಗಂಡಸರು ತಾತನ ಹೆಸರು ಹೇಳಿ ತಲೆಗೊಂದು ಬುಟ್ಟಿ ಹೂಳೆತ್ತುವ ರೂಢಿ, ಹೆಂಗಸರು ಮುಟ್ಟುವಂತಿಲ್ಲ. ಅದೇ ಅವನ ಪತ್ರ, ಅದೇ ಸಾಕ್ಷಿ. ಬರೀ ಎರಡು ಹೆಣ್ಣು ಹೆತ್ತ ರಂಗನಾಯಕಿಯ ಎಮ್ಮೆಗಳು ಮಾತ್ರ ನೀರಿಗೆ ಎರಡು ಮೈಲಿ ನಡೆಯಬೇಕು. ಎಂಥಾ ನ್ಯಾಯವೋ!

ಎಂಬತ್ತನಾಲ್ಕನೇ ಇಸವಿಯ ಐಪ್ಪಸಿ ತಿಂಗಳ ಹಿಂಗಾರು ಮಳೆ ನಿಂತ ಮೇಲೆ ಜಮೀನಿನ ಪಟ್ಟಾ ತಿದ್ದಲು ಸರ್ವೆ ಆಫೀಸರು ಊರಿಗೆ ಬಂದಿದ್ದ. ತಾತ ತೋಡಿದ್ದೆಂಬುದು ಸುಳ್ಳೆಂದು ಅವನಿಗೆ ತೋರಿಸಲು ಅವಳು ಕೊಯಮತ್ತೂರಿನ ಕಾಲೇಜಿನಲ್ಲಿ ಕಲ್ಲುಮಣ್ಣಿನ ಶಾಸ್ತ್ರ ಓದುವ ಅಕ್ಕನ ಮಗಳು ವಿಜಯಕುಮಾರಿಯನ್ನು ಕರೆಸಿದ್ದಳು.

ರಂಗನಾಯಕಿ ಅಗೆದ ಗುಂಡಿಯಲ್ಲಿ ಹುಡುಗಿ ಬಿಳಿಯ ಪದರ ತೋರಿಸಿದಳು. "ಸುಣ್ಣಕಲ್ಲು, ಚಿಕ್ಕಮ್ಮ. ಒಂದೇ ಹಾಸು, ಎಲ್ಲೂ ಕಡಿದಿಲ್ಲ. ಮೆದು ಕಲ್ಲು ಕೊಳೆತು ಮಣ್ಣಾಯ್ತು, ಗಾಳಿ ಅದನ್ನ ಹೊತ್ಕೊಂಡೋಯ್ತು, ತಗ್ಗಾಯ್ತು. ನಾಲ್ಕು ಕಡೆಯಿಂದ ನೀರು ಬರುತ್ತೆ, ಹೋಗಕ್ಕೆ ದಾರಿಯಿಲ್ಲ. ನೀರು ಬಿಸಿಲಿಗೆ ಆರಿ ಆರಿ ಅದರಲ್ಲಿದ್ದ ಸುಣ್ಣ ಕಲ್ಲಾಗಿ ನಿಂತಿದೆ. ಸಾವಿರಾರು ವರ್ಷದ ಕೆಲಸ. ಯಾರೂ ತೋಡಿಲ್ಲ."

ರಂಗನಾಯಕಿಗೆ ಹಾಲು ಕುಡಿದಷ್ಟು ಸಂತೋಷ. "ಕೇಳ್ತಾ ಭಾವಾ? ನಿಮ್ಮ ತಾತ ಒಂದು ಹಿಡಿ ಮಣ್ಣೂ ಎತ್ತಿಲ್ಲ!"

ದಡದಲ್ಲಿ ಕೂತು ಬರೆಯುತ್ತಿದ್ದ ಆಫೀಸರು ಪುಸ್ತಕದಿಂದ ತಲೆಯೆತ್ತಿ ತಮಿಳಿನಲ್ಲಿ ಹೇಳಿದ. ತೋಡಿದ್ದಾದರೆ ಮಯಿಲ್‌ಸಾಮಿಗೆ ಪಟ್ಟಾ. ತಾನಾಗಿ ಆದದ್ದಾದರೆ ಪೊರಂಬೋಕು, ಸರ್ಕಾರದ ಜಾಗ. ಸುಣ್ಣಕಲ್ಲು ಬೇರೆ ಇದೆ. ಬೇಸಿಗೆಗೆ ಸಿಮೆಂಟಿನವರಿಗೆ ಗುತ್ತಿಗೆ ಹೋಗುತ್ತದೆ, ಅವರು ಅಡಿಯವರೆಗೂ ಕಿತ್ತುಕೊಂಡು ಹೋಗುತ್ತಾರೆ. ಏನು ಬರೆಯಲಿ?

ವಿಜಯಕುಮಾರಿ ಚಿಕ್ಕಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. ಆ ಪದರ ಕಿತ್ತರೆ ಇಲ್ಲಿ ಇನ್ನೆಂದೂ ನೀರು ನಿಲ್ಲದು.

ಮಯಿಲ್‌ಸಾಮಿಯ ದನಿ ಮೊದಲ ಸಲ ಇಳಿಯಿತು. "ಅಮ್ಮಾ ರಂಗನಾಯಕಿ, ತಾತ ತೋಡಿದ್ದು ಅಂತ ಒಂದು ಮಾತು ಹೇಳ್ಬಿಡು. ನಿನ್ನ ಎಮ್ಮೆಗೂ ನೀರು ಬಿಡ್ತೀನಿ."

ಬಿಡ್ತಾನಂತೆ! ಹೋದ ವರ್ಷ ನೀರಿಗಿಳಿದ ಅವಳ ಗಬ್ಬದ ಎಮ್ಮೆಗೆ ಬಾರುಕೋಲಲ್ಲಿ ರಕ್ತ ಬರುವಂತೆ ಬಡಿದವನು ಇವನೇ. ಕುಂಟೆ ಹೋಗುತ್ತದೆಂದು ರಂಗನಾಯಕಿಗೂ ಗೊತ್ತಿತ್ತು.

"ಯಾರೂ ತೋಡಿಲ್ಲ ಸಾರ್," ಎಂದಳು. "ಬರ್ಕೊಳ್ಳಿ."

ಆಫೀಸರು ಬರೆದುಕೊಂಡ. ರಂಗನಾಯಕಿ ಮನೆಗೆ ಹೋಗಿ ಎಮ್ಮೆಗಳನ್ನು ಬಿಚ್ಚಿ ಹೊಡೆದುಕೊಂಡು ಬಂದಳು. ಅವು ಕುಂಟೆಯ ನಟ್ಟನಡುವೆ ಹೋಗಿ ನಿಂತವು. ನೀರು ಮೊಣಕಾಲಿಗೂ ಬರಲಿಲ್ಲ. ಮಯಿಲ್‌ಸಾಮಿ ದಡದಲ್ಲೇ ಇದ್ದ. ಎಮ್ಮೆಗಳು ಕುಡಿಯುವುದನ್ನು ಇಬ್ಬರೂ ದೂರ ದೂರ ನಿಂತು ನೋಡಿದರು.